ಕನ್ನಡಕ್ಕೆ ಹೋದ ಹಾಲಿವುಡ್ಡು

"ಅತ್ತೆ, ನಾಳೆ ಸಂಜೆಯೊಳಗೆ ಆ ಹಾಲಿವುಡ್ಡಿನವರ ಬಾಯಲ್ಲಿ ಕನ್ನಡ ಮಾತಾಡಿಸದಿದ್ದರೆ ನನ್ನ ಹೆಸರು ಮುದ್ದಣ್ಣನೇ ಅಲ್ಲ!"

ನೀರುದೋಸೆಯ ತಟ್ಟೆ ಮುಟ್ಟಿ ಮುದ್ದಣ್ಣ ಹೀಗೆ ಪ್ರತಿಜ್ಞೆ ಮಾಡಿದಾಗ ಅವನ ಹೆಂಡತಿ ಅನಸೂಯ ಕಾವಲಿಯಿಂದ ಕಣ್ಣೆತ್ತಲೂ ಇಲ್ಲ. ಹೆಸರು ಬದಲಿಸಿಕೊಳ್ಳುತ್ತೇನೆಂದು ಅವನು ಆಣೆ ಹಾಕಿದಾಗಲೆಲ್ಲ ನಿಜವಾಗಿ ಬದಲಿಸಿದ್ದರೆ ಇಷ್ಟರಲ್ಲಿ ಒಂದು ಸಹಸ್ರನಾಮವೇ ಆಗುತ್ತಿತ್ತು!

ಮಹಾರಾಷ್ಟ್ರದ ಸಂಭಾಜಿನಗರದ ಚಿಕಲಠಾಣಾದಲ್ಲಿ ಕೆಳಗೆ ಮುದ್ದಣ್ಣನ ಹೋಟೆಲು, ಮೇಲೆ ಮನೆ. ಅತ್ತೆ ವಿದ್ಯಾವತಿಯಮ್ಮ ಇರುವುದು ನಾಸಿಕದಲ್ಲಿ, ದೊಡ್ಡ ಮಗಳ ಮನೆಯಲ್ಲಿ. ಅಲ್ಲಿನ ಅಳಿಯ ಶ್ರೀರಾಮನಿಗೆ ದೊಡ್ಡ ಹೋಟೆಲು, ಗೋಡೆಯಷ್ಟಗಲದ ಟಿವಿ. ಅತ್ತೆ ಇಲ್ಲಿಗೆ ಬಂದ ಮಾರನೆಯ ದಿನವೇ ಶುರುವಾಗುತ್ತಿತ್ತು: "ನಾಸಿಕದಲ್ಲಾದರೆ ಗಾಳಿ ತಂಪುಂಟು. ನಾಸಿಕದಲ್ಲಾದರೆ ದ್ರಾಕ್ಷಿ ಸಿಹಿ ಉಂಟು." ಪಾಪ, ಅವರು ಮೂಗು ಮುರಿಯುವಾಗಲೂ ನಾಸಿಕವನ್ನೇ ನೆನೆದು ಮುರಿಯುತ್ತಿದ್ದರು!

"ಅಮ್ಮ ಈ ಸಲವಾದರೂ ನಾಲ್ಕು ದಿನ ಹೆಚ್ಚು ನಿಂತರೆ ಸಾಕಿತ್ತು" ಎಂದು ಅನಸೂಯ ಬೆಳಗ್ಗೆ ಹೇಳಿದ್ದಳು. ಹೇಳಿ, ಕಾವಲಿಯ ಹೊಗೆ ಕಣ್ಣಿಗೆ ಹೋಯಿತೆಂದು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಆಗಿನ್ನೂ ಗ್ಯಾಸ್ ಹಚ್ಚಿರಲಿಲ್ಲ. ಅತ್ತೆಯ ಬಸ್ಸಿನ ಟಿಕೆಟು ಭಾನುವಾರಕ್ಕೆ ಆಗಿಹೋಗಿತ್ತು.

ಅದೃಷ್ಟವೆಂದರೆ ಈ ಸಲ ಷಡ್ಡಕ ಶ್ರೀರಾಮನೇ ಜಾರಿಬಿದ್ದಿದ್ದ. ಊರೆಲ್ಲ ಮಾತಾಡುವ ಆ ಹೊಸ ಸಿನಿಮಾವನ್ನು, ಹಳೆಯ ಕಾಲದ ಹಾಲಿವುಡ್ಡಿನ ಕಥೆಯಂತೆ, ಅತ್ತೆಗೆ ಇಂಗ್ಲಿಷಿನಲ್ಲಿ ತೋರಿಸಿಬಿಟ್ಟಿದ್ದ.

"ಉದ್ದುದ್ದ ಕಾರುಗಳು, ಬಾಯಲ್ಲಿ ಚುಟ್ಟ ಇಟ್ಟುಕೊಂಡ ಗಂಡಸರು, ಎಲ್ಲ ಚಂದ ಉಂಟು" ಎಂದರು ಅತ್ತೆ. "ಆದರೆ ಬಿಳಿ ಟೋಪಿಯ ಒಂದು ಹುಡುಗಿ ಕನ್ನಡಿ ಮುಂದೆ ಕೂತು ಅಳ್ತಾಳೆ. ಯಾಕೆ ಅಳುದು ಅಂತ ಕೇಳಿದರೆ ಶ್ರೀರಾಮ 'ಶ್ ಅತ್ತೆ' ಅಂದ. ಅವಳು ಅತ್ತದ್ದು ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಾಗಲಿಲ್ಲ ನೋಡಿ."

ಮುದ್ದಣ್ಣನ ಮುಂದೆ ಇತಿಹಾಸ ಬಾಗಿಲು ತೆರೆದು ನಿಂತಿತ್ತು. ಆ ಹುಡುಗಿಯ ಕಣ್ಣೀರಿನ ಕಾರಣವನ್ನು ಅಚ್ಚಕನ್ನಡದಲ್ಲಿ ಅತ್ತೆಗೆ ಮುಟ್ಟಿಸುವುದು. ಅತ್ತೆಯನ್ನು ಇಲ್ಲೇ ನಿಲ್ಲಿಸಿಕೊಳ್ಳುವುದು!

ಸಿನಿಮಾ ಎಲ್ಲಿ ಸಿಗುತ್ತದೆಂದು ಫೋನಿನಲ್ಲಿ ಹುಡುಕಿದ. 'ಎಲ್ಲಿ ನೋಡಬಹುದು? ಇಲ್ಲಿದೆ ಸಂಪೂರ್ಣ ಮಾಹಿತಿ' ಎಂಬ ಪುಟ ತೆರೆಯಿತು. ನಾಯಕನ ಬಾಲ್ಯ, ನಾಯಕಿಯ ಎರಡನೇ ಮದುವೆ, ನಿರ್ದೇಶಕರ ಬೆಕ್ಕು ಎಲ್ಲ ಮುಗಿದ ಮೇಲೆ ಕೊನೆಯ ಸಾಲು: 'ಎಲ್ಲಿ ನೋಡಿದಿರಿ? ಕಮೆಂಟಿನಲ್ಲಿ ತಿಳಿಸಿ!' ಒಂದು ಆ್ಯಪು 'ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ' ಎಂದಿತು. ಇನ್ನೊಂದರಲ್ಲಿ ಸಿನಿಮಾ ಇತ್ತು. ಇಂಗ್ಲಿಷು, ಹಿಂದಿ, ತಮಿಳು, ತೆಲುಗು. ಕನ್ನಡ ಮಾತ್ರ ಇಲ್ಲ!

"ಬಿಟ್ಟುಬಿಡಿ ಮಾರಾಯ್ರೆ, ಅಮ್ಮನ ಪಕ್ಕ ಕೂತು ನಾನೇ ಅರ್ಥ ಹೇಳ್ತೇನೆ" ಎಂದಳು ಅನಸೂಯ.

"ನಿನಗೆಂತ ಗೊತ್ತುಂಟು! ಎಲ್ಲ ನಮ್ಮ ಪ್ಯಾಕೇಜಿನ ದೋಷ. ನಮ್ಮ ಕನೆಕ್ಷನ್ ಮರಾಠಿಯವರದ್ದು, ಅದಕ್ಕೆ ಕನ್ನಡ ಬರುದಿಲ್ಲ. ಈಗ ನೋಡು!"

ನೆಟ್ಟು, ಟಿವಿ ಎರಡನ್ನೂ ಕೊಡುವ ಕೇಬಲ್ ಆಫೀಸಿಗೆ ಫೋನ್ ಮಾಡಿದ. ಎತ್ತಿದವಳು ಅಪೇಕ್ಷಾ ಎಂಬ ಹುಡುಗಿ. ಮುದ್ದಣ್ಣ ತನ್ನ ಹೋಟೆಲು ಮರಾಠಿಯಲ್ಲಿ, "ಆಮಚಂ ಕನೆಕ್ಷನ್ ಕನ್ನಡ್‌ಮಧ್ಯೇ ಪಾಹಿಜೇ" ಎಂದ. ನಮ್ಮ ಕನೆಕ್ಷನ್ನು ಕನ್ನಡದಲ್ಲಿ ಬೇಕು ಎಂದು.

"ಪೂರ್ತಿ ಶಿಫ್ಟ್ ಮಾಡಬೇಕಾ ಕಾಕಾ?"

"ಪೂರ್ತಿ! ನೆಟ್ಟು, ಟಿವಿ, ಎಲ್ಲ ಕನ್ನಡಕ್ಕೇ!"

ಆಗ ಆ ಹುಡುಗಿ ಕೇಳಿದ ಪ್ರಶ್ನೆಗೆ ಮುದ್ದಣ್ಣನ ರೋಮ ನೆಟ್ಟಗಾಯಿತು. "ಜುನ್ಯಾ ಕನ್ನಡ್‌ಮಧ್ಯೇ, ಕೀ ನವ್ಯಾ?" ಹಳೆಯ ಕನ್ನಡದಲ್ಲೋ, ಹೊಸದರಲ್ಲೋ?

ಫೋನಿನ ಬಾಯಿ ಮುಚ್ಚಿ ಅವನು ಹೆಂಡತಿಗೆ ಪಿಸುಗುಟ್ಟಿದ: "ನೋಡಿದ್ಯಾ! ಮರಾಠಿ ಹುಡುಗಿ, ಹಳಗನ್ನಡ ಹೊಸಗನ್ನಡದ ವ್ಯತ್ಯಾಸ ಗೊತ್ತುಂಟು! ನಮ್ಮ ಕನ್ನಡ ಸಂಘದ ಅಧ್ಯಕ್ಷರಿಗೇ ಗೊತ್ತಿಲ್ಲ!" ಆಮೇಲೆ ಗಂಭೀರವಾಗಿ ಹೇಳಿದ: "ನವ್ಯಾ, ನವ್ಯಾ. ಹಳಗನ್ನಡ ನಮ್ಮತ್ತೆಗೆ ಕಷ್ಟ."

"ಹೌದು ಕಾಕಾ, ಹಳೇದರಲ್ಲಿ ಗಲ್ಲಿಗಳು ಬಹಳ ಇಕ್ಕಟ್ಟು" ಎಂದಳು ಅಪೇಕ್ಷಾ. ಎಂಥ ವಿಮರ್ಶೆ! ಮುದ್ದಣ್ಣ ತಲೆದೂಗಿದ.

ಮರುದಿನ ಸಂಜೆ ಅತ್ತೆಯನ್ನು ಸೋಫಾದ ನಡುವೆ ಪಟ್ಟಕ್ಕೆ ಕೂರಿಸಿದಂತೆ ಕೂರಿಸಿದ. ಗೋಳಿಬಜೆಯ ತಟ್ಟೆ ಬಂತು. ಸಾಕ್ಷಿಗೆ ನಾಸಿಕ ಬೇಕಲ್ಲ? ಮೊಬೈಲಿನಲ್ಲಿ ಶ್ರೀರಾಮನಿಗೆ ವಿಡಿಯೋ ಕಾಲು ಹಚ್ಚಿ, ಹೂದಾನಿಗೆ ಒರಗಿಸಿಟ್ಟ. "ಭಾವ, ಸ್ವಲ್ಪ ನೋಡಿ, ಕನ್ನಡದ ತಾಕತ್ತು!"

ರಿಮೋಟು ಒತ್ತಿದ. ಟಿವಿಯಲ್ಲಿ ಒಂದು ಸಣ್ಣ ಚಕ್ರ ತಿರುಗಿತು. ತಿರುಗಿತು, ತಿರುಗುತ್ತಲೇ ಇತ್ತು. ಕೊನೆಗೆ ಚಕ್ರವೂ ಮಾಯವಾಗಿ ಪರದೆ ನೀಲಿಯಾಯಿತು. ಕೆಳಗೆ ಹೋಟೆಲಿನಿಂದ, "ಶೇಠ್, ಬಿಲ್ಲಿನ ಮಿಷಿನು ನಿಂತಿತು!" ಎಂಬ ಕೂಗು. ಎರಡಕ್ಕೂ ಒಂದೇ ವಯರು!

ಅಷ್ಟರಲ್ಲಿ ಅನಸೂಯಳ ಫೋನ್ ಹೊಡೆಯಿತು. ಕೇಬಲ್ಲಿನ ಲೈನ್‌ಮನ್ನು. "ಇವರಿಗೇ ಹೇಳಿ" ಎಂದು ಅವಳು ಸ್ಪೀಕರಿಗೆ ಹಾಕಿದಳು.

"ಕಾಕಾ, ಕನ್ನಡ ತಲುಪಿದ್ದೇನೆ. ಎಸ್‌ಟಿ ಬಸ್‌ಸ್ಟ್ಯಾಂಡ್ ಹತ್ತಿರ ನಿಮ್ಮ ಕನೆಕ್ಷನ್ನಿನ ಡಬ್ಬಾ ಹಿಡಿದು ನಿಂತಿದ್ದೇನೆ. ಮನೆ ಎಲ್ಲಿ?"

"ಕನ್ನಡಕ್ಕೆ ಬಸ್‌ಸ್ಟ್ಯಾಂಡ್ ಎಲ್ಲಿಂದ ಬಂತು?" ಎಂದ ಮುದ್ದಣ್ಣ.

ಅನಸೂಯ ನಿಧಾನವಾಗಿ ಸೌಟು ಕೆಳಗಿಟ್ಟಳು.

"ಕನ್ನಡ ಅಂದರೆ ಇಲ್ಲಿ ಒಂದು ಊರಲ್ವಾ ಮಾರಾಯ್ರೆ! ತಾಲೂಕು! ಮೊನ್ನೆ ಅಮ್ಮನನ್ನು ಕರೆದುಕೊಂಡು ಬರುವಾಗ ಆ ಊರಿನ ಬಸ್ಸಿನ ಬೋರ್ಡಿನ ಕೆಳಗೆ ನಿಲ್ಲಿಸಿ ಫೋಟೋ ತೆಗೆದದ್ದು ಯಾರು? 'ಮಹಾರಾಷ್ಟ್ರದಲ್ಲೂ ಕನ್ನಡ ಓಡುತ್ತಿದೆ' ಅಂತ ಸಂಬಂಧಿಕರ ಗುಂಪಿಗೆಲ್ಲ ಕಳಿಸಿದ್ದು ಯಾರು?"

ಹೂದಾನಿಯ ಕಡೆಯಿಂದ ಒಂದು ವಿಚಿತ್ರ ಸದ್ದು. ನಾಸಿಕದಲ್ಲಿ ಶ್ರೀರಾಮ ನಗು ತಡೆಯಲಾಗದೆ ಮೂಗಿನಿಂದಲೇ ನಗುತ್ತಿದ್ದ!

ಮುದ್ದಣ್ಣ ಹೆಂಡತಿಯ ಫೋನಿನಿಂದಲೇ ಅಪೇಕ್ಷಾಗೆ ಕಾಲು ಹಚ್ಚಿ ಕೈಮುಗಿದ. ಫೋನಿನಲ್ಲಿ ಕೈಮುಗಿದರೆ ಕಾಣುವುದಿಲ್ಲವೆಂಬುದೂ ನೆನಪಾಗಲಿಲ್ಲ. "ನೀವೇ ಎರಡೆರಡು ಸಲ ಹೇಳಿದಿರಲ್ಲ ಕಾಕಾ! ವಾಪಸ್ ತರಲು ನಾಲ್ಕೈದು ದಿನ ಬೇಕು" ಎಂದಳು ಅವಳು. ಅವನು ನೀಲಿ ಪರದೆಯ ಮುಂದೆ ಕುಸಿದು ಕೂತ. ಬಿಳಿ ಟೋಪಿಯೊಂದಿದ್ದರೆ ಸಾಕಿತ್ತು, ಥೇಟು ಆ ಹುಡುಗಿಯೇ!

ಇಷ್ಟು ಹೊತ್ತೂ ಗೋಳಿಬಜೆ ತಿನ್ನುತ್ತ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದ ವಿದ್ಯಾವತಿಯಮ್ಮ ಈಗ ಮೊಬೈಲಿನ ಕಡೆ ಬಾಗಿದರು.

"ಶ್ರೀರಾಮಾ, ನಿನ್ನ ಮನೆಯಲ್ಲಿ ಸಿನಿಮಾ ಇತ್ತು, ಕನ್ನಡ ಇರಲಿಲ್ಲ. ಇಲ್ಲಿ ಕನ್ನಡ ಸಿಕ್ಕಿತು, ಸಿನಿಮಾ ಇಲ್ಲ. ಭಾನುವಾರದ ನನ್ನ ಟಿಕೆಟು ಕ್ಯಾನ್ಸಲ್ ಮಾಡಿಸು. ನಾನು ಬರುದಿಲ್ಲ."

ಅನಸೂಯ ಓಡಿಬಂದು ಅಮ್ಮನ ಕೈ ಹಿಡಿದುಕೊಂಡಳು. ಮುದ್ದಣ್ಣನ ಎದೆ ಪೂರಿಯಂತೆ ಉಬ್ಬಿತು. "ಕೇಳಿದಿರಾ ಭಾವ? ಅತ್ತೆ ಇಲ್ಲೇ ನಿಲ್ತಾರಂತೆ! ನಾನು ಆ ಸಿನಿಮಾ ತರಿಸಿಯೇ..."

"ಅಯ್ಯೋ, ಅದೆಲ್ಲ ಬೇಡ ಅಳಿಯಂದಿರೇ" ಎಂದರು ಅತ್ತೆ, ಇನ್ನೊಂದು ಗೋಳಿಬಜೆ ಎತ್ತಿಕೊಳ್ಳುತ್ತ. "ನೀವು ಆ ವಯರು ವಾಪಸ್ ತರುವಷ್ಟು ದಿನ ನಾನು ಇಲ್ಲೇ ಕೂತು ನಿಮ್ಮನ್ನೇ ನೋಡ್ತೇನೆ. ಆ ಹಾಲಿವುಡ್ಡಿಗಿಂತ ಇದೇ ಚಂದ. ಪೂರ್ತಿ ಕನ್ನಡದಲ್ಲೇ ಉಂಟು!"