ಹೊತ್ತು ಮುಳುಗಿದ ಮೇಲೆ ಬೆಂದ ಪೇರಲ

ಹಣ್ಣು ಬೇಯಿಸುವುದೆಂದರೆ ಏನು ಮಹಾ? ಹಣ್ಣನ್ನು ಗಿಡವೇ ಮಾಡಿ ಕೊಟ್ಟಿರುತ್ತದೆ, ಬೇಯಿಸುವುದನ್ನು ಓವನ್ ನೋಡಿಕೊಳ್ಳುತ್ತದೆ. ನಡುವೆ ನಿಂತು ಹೆಸರು ತೆಗೆದುಕೊಳ್ಳುವುದಷ್ಟೇ ನನ್ನ ಕೆಲಸ ಎಂದುಕೊಂಡಿದ್ದೆ.

ಹೆಸರು ಬೇಕಾಗಿದ್ದದ್ದು ಅತ್ತೆಯವರ ಮುಂದೆ. "ನಮ್ಮ ಅಳಿಯಾರಿಗೆ ಚಹಾ ಕಾಸಾಕೂ ಬರಂಗಿಲ್ಲ" ಎಂದು ಅವರು ನಮ್ಮ ಮದುವೆ ಆದಾಗಿನಿಂದ ತಮ್ಮೂರು ಉಗಾರ ಬುದ್ರುಕದ ತುಂಬ ಸಾರಿಕೊಂಡು ಬಂದಿದ್ದಾರೆ. ಮೊನ್ನೆ ಅವರು ಅಥಣಿಗೆ, ನಮ್ಮ ಮನೆಗೆ ಬಂದಾಗ ಆ ಕಳಂಕ ತೊಳೆಯಲು ನಿಶ್ಚಯಿಸಿದೆ. ಓವನ್ನಿನಲ್ಲಿ ಬೆಂದ ಪೇರಲಹಣ್ಣು, ಅದರ ಮೇಲೆ ಬೆಲ್ಲ ತುಪ್ಪ ಬೆರೆಸಿದ ಗರಿಗರಿ ಶೇಂಗಾ.

"ಹೊತ್ತು ಮುಳುಗೂದ್ರಾಗ ಆಕ್ಕೈತೇನ್ರಿ?" ಎಂದಳು ಹೆಂಡತಿ ಸುಜಾತಾ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಏನೂ ತಿನ್ನುವುದಿಲ್ಲ.

"ಚಹಾದ ಹೊತ್ತಿಗೆ ತಾಟಿನ್ಯಾಗ ಇರತೈತಿ" ಎಂದೆ.

ಮೊದಲು ಹುರಿದ ಶೇಂಗಾ ಇದ್ದಿಲಾಯಿತು. ಮತ್ತೆ ಹುರಿದೆ. ಸಿಪ್ಪೆ ತೆಗೆಯಲು ಮೊರದಲ್ಲಿ ಕೇರುವುದೇಕೆಂದು ಫ್ಯಾನಿನ ಮುಂದೆ ಹಿಡಿದೆ. ಸಿಪ್ಪೆಯೇನೋ ಹಾರಿತು. ಜಪಮಾಲೆ ಹಿಡಿದು ಕೂತಿದ್ದ ಅತ್ತೆಯವರ ಬಿಳಿ ಸೀರೆ ಕೆಂಪಾಯಿತು. ಅವರು ಕಣ್ಣು ತೆರೆಯಲಿಲ್ಲ. ಜಪ ಮಾತ್ರ ಜೋರಾಯಿತು.

ಪೇರಲ, ಶೇಂಗಾ ಹರಡಿದ ಟ್ರೇಯನ್ನು ಓವನ್ನಿನೊಳಗಿಟ್ಟು, ಅದರ ದೀಪ ಹತ್ತಿದ್ದನ್ನು ಖಾತ್ರಿ ಮಾಡಿಕೊಂಡು, ಎದುರಿಗೆ ಕುರ್ಚಿ ಹಾಕಿ ಕೂತೆ. ಎಷ್ಟು ಹೊತ್ತು ಕಾದರೂ ಹಣ್ಣು ಇದ್ದ ಹಾಗೇ ಇತ್ತು. ಸುಜಾತಾ ಬಂದು ಗಾಜು ಮುಟ್ಟಿ ನೋಡಿದಳು.

"ಲೈಟ್ ಅಷ್ಟ ಹತ್ತೇತ್ರಿ. ಕಾವಿನ ಬಟನ್ ನೀವು ತಿರುವೇ ಇಲ್ಲ."

"ಹಣ್ಣಿಗೆ ಜಾಗಾ ರೂಢಿ ಆಗಲಿ ಅಂತ ಬಿಟ್ಟೇನಿ."

ಬಟನ್ ತಿರುವಿದೆ. ಕರೆಂಟು ಹೋಯಿತು.

ಅದು ತಿರುಗಿ ಬಂದಾಗ ಸೂರ್ಯ ಕಿಟಕಿಯಾಚೆಯ ಹೊಲದ ಕಬ್ಬಿನ ತುದಿಗೆ ಇಳಿದಿದ್ದ. ಅತ್ತೆ ಊಟ ಮುಗಿಸಿ, ನನ್ನ ಸಿಹಿಗಾಗಿ ತಾಟಿನ ಮುಂದೆ ಕಾಯುತ್ತಿದ್ದರು. ನಾನು ಕಿಟಕಿಗೂ ಓವನ್ನಿಗೂ ಓಡಾಡಿದೆ. ಎರಡರಲ್ಲಿ ಸೂರ್ಯನದೇ ಕೆಲಸ ಚುರುಕು. ಕೊನೆಗೆ ಸುಜಾತಾ ಉಳಿದಿದ್ದ ಒಂದು ಹಸಿ ಪೇರಲ ಹೆಚ್ಚಿ, ಮೇಲೆ ನಾಲ್ಕು ಶೇಂಗಾ ಉದುರಿಸಿ ತಾಯಿಗೆ ಕೊಟ್ಟಳು. ಅತ್ತೆ ತಿಂದು, ನೀರು ಕುಡಿದು ಎದ್ದರು. ಹೊತ್ತು ಮುಳುಗಿತು.

ಆಗ ಓವನ್ "ಟಿಂಗ್" ಎಂದಿತು.

ಏನು ಬಣ್ಣ, ಏನು ಘಮ! ಮೂವರೂ ಸುತ್ತ ನಿಂತು ನೋಡಿದೆವು. ನನಗಂತೂ ಅಳುವೇ ಬಂತು. ರಾತ್ರಿ ಬೆಂದದ್ದನ್ನು ಬೆಳಿಗ್ಗೆ ತಿನ್ನುವ ಪದ್ಧತಿಯೂ ಅತ್ತೆಯವರಿಗಿಲ್ಲ. ಟ್ರೇ ಇದ್ದಂತೆಯೇ ಪಕ್ಕದ ಮನೆಯ ಗೌರವ್ವನ ಕೈ ಸೇರಿತು. ಅವರ ಮನೆಯಲ್ಲಿ ಹೊತ್ತಿನ ಕಟ್ಟುಪಾಡಿಲ್ಲ.

ಅತ್ತೆಗೆ ನನ್ನ ಮುಖ ನೋಡಿ ಕನಿಕರ ಬಂತು. "ಬ್ಯಾಸರಾ ಮಾಡ್ಕೋಬ್ಯಾಡ್ರಿ ಅಳಿಯಾರ. ಪೇರಲಹಣ್ಣ ಮಾತ್ರ ಭಾಳ ಚಂದ ಹೆಚ್ಚಿದ್ರಿ ನೋಡ್ರಿ."

ಹೆಚ್ಚಿದ್ದು ಸುಜಾತಾ. ನಾನು ವಿನಯದಿಂದ ತಲೆ ಬಾಗಿಸಿದೆ. ಸುಜಾತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಅಷ್ಟರಲ್ಲಿ ಗೌರವ್ವ ಟ್ರೇ ತೊಳೆದು ತಂದಳು. ನನ್ನ ಅಡುಗೆಗೆ ಸಿಕ್ಕ ಒಂದೇ ಒಂದು ಪ್ರಶಸ್ತಿಪತ್ರವನ್ನು ಅವಳು ಅತ್ತೆಯವರ ಎದುರಿಗೇ ಓದಿದಳು:

"ಅಣ್ಣಾರ, ಭಾಳ ರುಚಿ ಆಗಿತ್ರಿ. ನಾಳೆನೂ ಹಿಂಗ ತಡಾ ಮಾಡ್ರಿ."