ನಾತಾಳದ ಟೆಲಿಫೋನು

ಒಂಬತ್ತು ವರ್ಷಗಳಿಂದ ನೇಮಣ್ಣನ ಸಂಜೆಯ ಊಟ ಖಾನಾಪುರ ಸ್ಟೇಶನ್ನಿನ ಸಿಮೆಂಟು ಬೆಂಚಿನ ಮೇಲೆಯೇ ಆಗುತ್ತಿತ್ತು.

ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ಅನ್ನ ಮುಟ್ಟುವುದಿಲ್ಲ. ತಾಯಿ ಚಂಪಾಬಾಯಿಯಂತೂ ಮುಸ್ಸಂಜೆಗೆ ನೀರಿನ ತಂಬಿಗೆಯನ್ನೂ ಬೋರಲು ಹಾಕುವವರು. ಆದರೆ ನೇಮಣ್ಣನನ್ನು ಖಾನಾಪುರದ ಹೈಸ್ಕೂಲಿನಿಂದ ಬೆಳಗಾವಿಗೆ ಕರೆತರುವ ಪ್ಯಾಸೆಂಜರ್ ಗಾಡಿಗೆ ಈ ವ್ರತ ಗೊತ್ತಿರಲಿಲ್ಲ. ಅದು ಮನೆ ಮುಟ್ಟಿಸುವಾಗ ಟಿಳಕವಾಡಿಯ ಬೀದಿದೀಪಗಳು ಹತ್ತಿ ಒಂದು ತಾಸಾಗಿರುತ್ತಿತ್ತು. ಹಾಗಾಗಿ ಬೆಳಿಗ್ಗೆ ಆರಕ್ಕೆ ಕಟ್ಟಿದ ರೊಟ್ಟಿಯನ್ನು ಸಂಜೆ ಐದೂವರೆಗೆ ಬೆಂಚಿನ ಮೇಲೆ ಕೂತು ತಿನ್ನಬೇಕು. ಅಷ್ಟು ಹೊತ್ತಿಗೆ ಆ ರೊಟ್ಟಿ ಪ್ರಯೋಗಶಾಲೆಯ ಫಿಲ್ಟರ್ ಪೇಪರಿನಂತಾಗಿ, ಪಲ್ಯದ ಎಣ್ಣೆಯನ್ನಷ್ಟೇ ಹೀರಿಕೊಂಡು, ರುಚಿಯನ್ನು ಡಬ್ಬಿಯಲ್ಲೇ ಬಿಟ್ಟಿರುತ್ತಿತ್ತು.

ಎಂಬತ್ಮೂರರ ಡಿಸೆಂಬರಿನಲ್ಲಿ ಈ ಬೆಂಚಿನಿಂದ ಬಿಡುಗಡೆಯಾಗುವ ಒಂದು ದಾರಿ ಕಂಡಿತು. ಹೈಸ್ಕೂಲು ನಡೆಸುವ ಸಂಸ್ಥೆಯ ಬೆಳಗಾವಿಯ ಸಾಲೆಯಲ್ಲಿ ವಿಜ್ಞಾನ-ಗಣಿತಕ್ಕೆ ಒಂದು ಜಾಗ ಖಾಲಿಯಾಯಿತು. ಖಾನಾಪುರದಿಂದ ಒಬ್ಬರ ಹೆಸರು ಕಳಿಸಿ ಎಂದು ಹೆಡ್‌ಮಾಸ್ತರ್ ಲೋಬೋ ಸರ್‌ಗೆ ಪತ್ರ ಬಂತು. ದಿನಾ ಬೆಳಗಾವಿಯಿಂದ ಅಪ್-ಡೌನ್ ಮಾಡುವವರು ಇಬ್ಬರೇ: ವಿಜ್ಞಾನದ ನೇಮಣ್ಣ, ಗಣಿತದ ಬಸಯ್ಯ. ಲೋಬೋ ಸರ್ ಪತ್ರವನ್ನು ಜೇಬಿಗಿಟ್ಟುಕೊಂಡು, "ನಾಳೆ ಇಬ್ಬರೂ ಮನಿಗಿ ಬರ್ರಿ. ನಾತಾಳದ ತಿಂಡಿ-ಫರಾಳ ಐತಿ. ಹುಡುಗೂರೂ ಹಾದಿ ನೋಡ್ತಾವು" ಎಂದರು.

ಹುಡುಗರೆಂದರೆ ಲೋಬೋ ಸರ್ ಮಕ್ಕಳು: ಹನ್ನೆರಡು ವರ್ಷದ ಆಗ್ನೆಲ್, ಹನ್ನೊಂದು ವರ್ಷದ ಇನಾಸ್. ಕ್ರಿಸ್‌ಮಸ್ಸಿಗೆ ಬರಿಗೈಯಲ್ಲಿ ಹೋಗುವಂತಿಲ್ಲ.

ಮರುದಿನ ಬೆಳಿಗ್ಗೆ ನೇಮಣ್ಣ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಕೋಷ್ಟಕ ಮಾಡಿದ. ಮೇಲೆ ಉಡುಗೊರೆಗಳ ಹೆಸರು, ಬದಿಗೆ ಗುಣದೋಷ.

"ಏನ್ರಿ ಅದು, ಪ್ರ್ಯಾಕ್ಟಿಕಲ್ ಪರೀಕ್ಷಾ?" ಎಂದಳು ಹೆಂಡತಿ ರತ್ನಮಾಲಾ.

"ಆಟಿಗಿ ಸಾಮಾನು ಕೊಡ್ಲೋ, ಪೆನ್ನು ಕೊಡ್ಲೋ ಅಂತ."

"ಹನ್ನೊಂದು ಹನ್ನೆರಡು ಅಂದ್ರ ಎಡಬಿಡಂಗಿ ವಯಸ್ಸು. ಆಟಿಗಿ ಕೊಟ್ರ 'ನಾ ಏನ್ ಸಣ್ಣಾವ?' ಅಂತಾರ. ಪೆನ್ನು ಕೊಟ್ರ 'ನಾ ಏನ್ ಮುದುಕ?' ಅಂತಾರ."

ಗೋಡೆಯಾಚೆಯಿಂದ ಪಕ್ಕದ ಮನೆಯ ಗುರುಪಾದಪ್ಪನವರ ತಲೆ ಮೂಡಿತು. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಅವರಿಗೆ ತಲುಪಿಸಲು ಸಲಹೆಗಳಷ್ಟೇ ಉಳಿದಿದ್ದವು. "ಮಾಸ್ತರ, ಸ್ವೆಟರ್ ಕೊಡ್ರಿ. ಥಂಡಿ ಐತಿ."

"ಹುಡುಗೂರಿಗೆ ಥಂಡಿ ಹತ್ತಂಗಿಲ್ರೀ, ಹುಡುಗೂರ ತಾಯಂದಿರಿಗೆ ಹತ್ತತೈತಿ" ಎಂದು ರತ್ನಮಾಲಾ ಆ ತಲೆಯನ್ನು ವಾಪಸು ಕಳಿಸಿದಳು.

ನೇಮಣ್ಣ ಓಣಿಗಿಳಿದು ಆಡುತ್ತಿದ್ದ ಹುಡುಗರನ್ನೇ ಕೇಳಿದ. ಏಳು ಜನರನ್ನು ಕೇಳಿದ, ಏಳೂ ಜನ "ಬ್ಯಾಟು" ಎಂದರು. ಅದೇ ವರ್ಷ ಭಾರತ ವಿಶ್ವಕಪ್ ಗೆದ್ದಿತ್ತು. ಹುಟ್ಟಿದ ಕೂಸಿಗೂ ಜನ ಬ್ಯಾಟೇ ಒಯ್ಯುತ್ತಿದ್ದರು. ಲೋಬೋ ಸರ್ ಮನೆಯ ಮೂಲೆಯಲ್ಲಿ ನಾಲ್ಕು ಬ್ಯಾಟುಗಳು ನಿಂತದ್ದನ್ನು ನೇಮಣ್ಣ ಕಣ್ಣಾರೆ ಕಂಡಿದ್ದ. ಐದನೆಯದು ಸೌದೆಗೆ ಸಮ.

ಅವನು ಕೂತು ಯೋಚಿಸಿದ. ಇಬ್ಬರಿಗೂ ಒಂದೇ ತರಹದ್ದು ಕೊಟ್ಟರೆ ಬೇಸರ. ಬೇರೆ ಬೇರೆ ಕೊಟ್ಟರೆ ಜಗಳ. ಒಬ್ಬನ ಹತ್ತಿರ ಇದ್ದದ್ದು ಇನ್ನೊಬ್ಬನಿಲ್ಲದೆ ನಡೆಯಬಾರದು, ಅಂಥ ವಸ್ತು ಬೇಕು. ಖಡೇಬಜಾರದ ನಾಲ್ಕನೆಯ ಅಂಗಡಿಯಲ್ಲಿ ಅದು ಸಿಕ್ಕಿತು: ಬ್ಯಾಟರಿಯ ಮೇಲೆ ನಡೆಯುವ ಎರಡು ಕೆಂಪು ಟೆಲಿಫೋನು, ನಡುವೆ ಉದ್ದನೆಯ ತಂತಿ. ಒಂದರಲ್ಲಿ ಮಾತಾಡಿದರೆ ಇನ್ನೊಂದರಲ್ಲಿ ಖರೇ ಕೇಳಿಸುತ್ತಿತ್ತು. ನೇಮಣ್ಣನಿಗೆ ತಾನೇ ಕಂಡುಹಿಡಿದಷ್ಟು ಹಿಗ್ಗಾಯಿತು.

ಕಟ್ಟಿಸಿಕೊಂಡು ಹೊರಗೆ ಬಂದರೆ ಎದುರಿಗೆ ಬಸಯ್ಯ. ನೇಮಣ್ಣ ಪೊಟ್ಟಣವನ್ನು ಬೆನ್ನ ಹಿಂದೆ ಸರಿಸಿದ.

"ನೇಮಣ್ಣಾರ, ನಂಗೇನೂ ತಿಳೀವಲ್ದ್ರಿ. ಹುಡುಗೂರಿಗೆ ಏನ್ ಒಯ್ಯೂಣು? ನಿಮಗ ಹುಡುಗೂರ ಮನಸು ಗೊತ್ತು" ಎಂದ ಬಸಯ್ಯ. ಪಾಪ, ಕಪಟ ಅರಿಯದ ಮನುಷ್ಯ. ಅವನಿಗೆ ಲೋಕವೆಂದರೆ ಎಡಬದಿ ಬಲಬದಿಗೆ ಸಮನಾಗಿರಬೇಕಾದ ಒಂದು ಸಮೀಕರಣ.

ನೇಮಣ್ಣನ ಕಣ್ಣ ಮುಂದೆ ಸಿಮೆಂಟಿನ ಬೆಂಚು ಬಂತು, ತಣ್ಣನೆಯ ಡಬ್ಬಿ ಬಂತು. ಅವುಗಳ ಹಿಂದೆ ಹೆಂಚಿನಿಂದ ಈಗಷ್ಟೇ ಇಳಿದ, ಉಬ್ಬಿದ ರೊಟ್ಟಿಯೂ ಬಂತು.

"ಲಾಗರಿದಮ್ ಟೇಬಲ್ ಪುಸ್ತಕಾ ಕೊಡ್ರಿ" ಎಂದ. "ಒಬ್ಬೊಬ್ಬಗ ಒಂದೊಂದು. ಜೀವಮಾನ ಇರ್ತೈತಿ."

"ಹನ್ನೊಂದು ವರ್ಷಕ್ಕ ತಿಳೀತದೇನ್ರಿ?"

"ನೀವು ಕುಂತು ತಿಳಿಸಿ ಹೇಳ್ರಿ. ಒಂದು ತಾಸಿನ ಕೆಲಸ."

"ಭೇಷ್ ಹೇಳಿದ್ರಿ! ನಿಮ್ಮಂಥವ್ರು ಇರಬೇಕ್ರಿ" ಎಂದು ಬಸಯ್ಯ ಅವನ ಕೈ ಕುಲುಕಿ ಪುಸ್ತಕದಂಗಡಿಯತ್ತ ಓಡಿದ. ಬಸ್ಸಿಗೆ ಹೋಗುತ್ತೇನೆಂದು ಓಡುತ್ತಲೇ ಕೂಗಿದ.

ಮಧ್ಯಾಹ್ನದ ಗಾಡಿಯಲ್ಲಿ ತಿಂಗಳ ಪಾಸಿನವರ ಬೋಗಿ ಎಂದಿನಂತೆ ತುಂಬಿತ್ತು. ಲೋಂಡಾದಲ್ಲಿ ಚಹಾಪುಡಿಯ ಅಂಗಡಿಯಿಟ್ಟ ಭರಮಣ್ಣ ಟವೆಲ್ಲು ಹಾಸಿ ಇಸ್ಪೀಟು ಹಂಚುತ್ತಿದ್ದವನು ಪೊಟ್ಟಣ ಕಂಡೊಡನೆ ಎಲೆ ಕೆಳಗಿಟ್ಟ.

"ಏನ್ ಮಾಸ್ತರ ಇದು? ತೋರಸ್ರಲ್ಲ."

"ಹುಡುಗೂರ ಸಾಮಾನ್ರಿ. ಕಟ್ಟಿಸೀನಿ."

"ಕಟ್ಟಿದ್ದು ಬಿಚ್ಚಾಕ ಬರ್ತೈತಿ. ಅಂಗಡ್ಯಾಂವ ಮೋಸ ಮಾಡಿರ್ತಾನ. ಅಲ್ಲಿ ಹೋಗಿ ಬಿಚ್ಚಿದಾಗ ಸುಮ್ಮನಿತ್ತಂದ್ರ? ಹೆಡ್‌ಮಾಸ್ತರ ಮುಂದ ಮಾರಿ ಏನಾಗಬೇಕು?"

ಪರೀಕ್ಷಿಸದೆ ಒಪ್ಪಬಾರದು ಎಂದು ಒಂಬತ್ತು ವರ್ಷ ಪಾಠ ಹೇಳಿದವನಿಗೆ ಈ ಮಾತನ್ನು ದಾಟಲಾಗಲಿಲ್ಲ. ಪೊಟ್ಟಣ ಬಿಚ್ಚಲಾಯಿತು. ತಂತಿ ಬೋಗಿಯ ಈ ತುದಿಯಿಂದ ಆ ತುದಿಗೆ, ಬುಟ್ಟಿಗಳ ಮೇಲೆ, ಮಲಗಿದವರ ಕಾಲ ಸಂದಿಯಲ್ಲಿ ಹಾದುಹೋಯಿತು. ಆಚೆ ತುದಿಯ ಟೆಲಿಫೋನು ಕೈಯಿಂದ ಕೈಗೆ ಸಾಗಿ ಗುಂಜಿಗೆ ಹೊರಟಿದ್ದ ನಿಂಗವ್ವ ಎಂಬ ಮುದುಕಿಯನ್ನು ಸೇರಿತು. ಈಚೆ ತುದಿಯಲ್ಲಿ ಅವಳ ಗಂಡ ಬೀರಣ್ಣ ಕೂತಿದ್ದ. ಯಾರೋ ಚೇಷ್ಟೆಗೆ ಅವನ ಕಿವಿಗೆ ಟೆಲಿಫೋನು ಹಿಡಿದರು.

"ಹಲೋ" ಎಂದ ಬೀರಣ್ಣ.

"ಯಾರು? ನೀವಾ?" ಎಂದಳು ನಿಂಗವ್ವ. ಗಂಡನ ಮುಖ ಕಾಣುತ್ತಿರಲಿಲ್ಲ. ಬರೀ ಕಿವಿ ಸಿಕ್ಕಿತ್ತು. ನಲವತ್ತು ವರ್ಷಗಳಲ್ಲಿ ಅವಳಿಗೆ ಇಂಥ ಅನುಕೂಲ ಒದಗಿರಲಿಲ್ಲ. "ಕೇಳ್ರಿಲ್ಲೆ. ನಮ್ಮಪ್ಪ ಕೊಟ್ಟ ಎಮ್ಮಿ ಯಾರನ್ನ ಕೇಳಿ ಮಾರಿದ್ರಿ?"

ಬೋಗಿಗೆ ಬೋಗಿಯೇ ಕಿವಿಯಾಯಿತು. ಎಮ್ಮೆಯ ವಿಷಯ ಮುಗಿದು ನಾದಿನಿಯ ಮದುವೆ ಬಂತು. ಮದುವೆ ಮುಗಿದು ಹಂಚಿಕೆಯಲ್ಲಿ ಹೋದ ತಾಮ್ರದ ಹಂಡೆ ಬಂತು. ಅಷ್ಟರಲ್ಲಿ ಖಾನಾಪುರವೂ ಬಂತು.

"ಆಯೀ, ಟೆಲಿಫೋನು ಕೊಡ್ರಿ, ನಾ ಇಳೀಬೇಕು!" ನೇಮಣ್ಣ ಬುಟ್ಟಿಗಳನ್ನು ದಾಟುತ್ತ ಕೂಗಿದ.

"ತಡೀಪಾ ತಮ್ಮಾ, ಹಂಡೇದ್ದು ಇನ್ನೂ ಮುಗಿದಿಲ್ಲ."

ಹಂಡೆಯದು ಮುಗಿದಾಗ ಖಾನಾಪುರ ಹಿಂದೆ ಸರಿದಿತ್ತು. ಇನ್ನು ಗುಂಜಿಯವರೆಗೆ ಗಾಡಿ ನಿಲ್ಲುವುದಿಲ್ಲ. ಗುಂಜಿಯಲ್ಲಿ ಇಳಿಯುವ ನೂಕಾಟದಲ್ಲಿ ತಂತಿ ಒಂದು ಕಡೆ ಹರಿಯಿತು. ಬೀರಣ್ಣ ಮಾತ್ರ ಇಳಿದವನೇ ನೇಮಣ್ಣನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಮಾಸ್ತರ, ಇದು ಎಲ್ಲೆ ಸಿಗ್ತೈತಿ ಅಂತ ಅಕಿಗೆ ಹೇಳಬ್ಯಾಡ್ರಿ" ಎಂದು ಕೈಮುಗಿದು ಹೋದ.

ಹಿಂದಕ್ಕೆ ಗಾಡಿ ಸಂಜೆಗೇ. ಕಟ್ಟಿಗೆ ತುಂಬಿದ ಲಾರಿಯೊಂದು ಸಿಕ್ಕಿತು. ಡ್ರೈವರನ ಪಕ್ಕದಲ್ಲಿ ಮೊದಲೇ ನಾಲ್ವರಿದ್ದರು. ನೇಮಣ್ಣ ಮೇಲೆ, ತೊಲೆಗಳ ಮೇಲೆ ಕೂತ. ಒಂದು ತಗ್ಗಿಗೆ ಲಾರಿ ಹಾರಿತು, ತೊಲೆ ಹಾರಿತು, ನೇಮಣ್ಣ ಹಾರಿದ, ಮಡಿಲಲ್ಲಿದ್ದ ಟೆಲಿಫೋನುಗಳೂ ಹಾರಿದವು. ಗುರುತ್ವದ ನಿಯಮದಂತೆ ಎಲ್ಲವೂ ಒಟ್ಟಿಗೇ ಕೆಳಗೆ ಬಂದವು. ಒಂದು ಟೆಲಿಫೋನಿನ ತಳ ಮಾತ್ರ ಕಳಚಿತು.

ಲೋಬೋ ಸರ್ ಮನೆಯ ಮೆಟ್ಟಿಲು ಹತ್ತುವಾಗ ನಾಲ್ಕೂವರೆ. ತಲೆಯಲ್ಲಿ ಕಟ್ಟಿಗೆಯ ಹೊಟ್ಟು, ಕೈಯಲ್ಲಿ ಹರಿದ ಪೊಟ್ಟಣ. ಜಗಲಿಯ ಮೇಲೆ ಕಾಗದದ ನಕ್ಷತ್ರದ ಕೆಳಗೆ ಇಬ್ಬರು ಹುಡುಗರು ಮನೆಯಲ್ಲಿ ಸೂತಕವಾದವರಂತೆ ಕೂತಿದ್ದರು. ಅವರ ಮುಂದೆ ಎರಡು ಲಾಗರಿದಮ್ ಪುಸ್ತಕ.

"ಬಸಯ್ಯ ಸರ್ ಬಂದು ಹೋದರೇನು?" ಎಂದ ನೇಮಣ್ಣ.

"ಈಗ ಹೋದ್ರು ಸರ್" ಎಂದ ಆಗ್ನೆಲ್. "ಎರಡು ತಾಸು ಕುಂತಿದ್ರು."

"ನಾತಾಳದ ದಿನಾ ನಮಗ ಹೋಮ್‌ವರ್ಕ್ ಕೊಟ್ಟು ಹೋಗ್ಯಾರ್ರಿ" ಎಂದ ಇನಾಸ್. ಅವನ ಕಣ್ಣಲ್ಲಿ ನೀರೇ ಇತ್ತು.

ನೇಮಣ್ಣನಿಗೆ ಸ್ವಲ್ಪ ನಾಚಿಕೆಯಾಯಿತು. ಸ್ವಲ್ಪವೇ. ಅವನು ಪೊಟ್ಟಣ ಮುಂದಿಟ್ಟು ಇದ್ದದ್ದನ್ನು ಇದ್ದಂತೆ ಹೇಳಿದ: "ನಿಮಗಂತ ಟೆಲಿಫೋನು ತಂದಿದ್ದೆ. ದಾರಿಯೊಳಗ ಕೆಟ್ಟತಿ. ಸ್ಕ್ರೂಡ್ರೈವರ್ ಐತೇನು ಮನಿಯಾಗ?"

ಸ್ಕ್ರೂಡ್ರೈವರ್ ಬಂತು, ಚಾಕು ಬಂತು, ಲೋಬೋ ಸರ್ ದಾಡಿಯ ಬ್ಲೇಡು ಬಂತು. ಮೂವರೂ ನೆಲದ ಮೇಲೆ ಕೂತರು. ಒಳಗಿನ ಅಯಸ್ಕಾಂತ ಕಂಡು ಇನಾಸ್ ಉಸಿರು ಬಿಗಿಹಿಡಿದ. ತಂತಿಯ ಸಿಪ್ಪೆ ಸುಲಿಯುವುದನ್ನು ಆಗ್ನೆಲ್ ಕಲಿತ. ಕರೆಂಟು ಹೇಗೆ ಹೋಗುತ್ತದೆ, ಹರಿದಲ್ಲಿ ಯಾಕೆ ನಿಲ್ಲುತ್ತದೆ, ದನಿ ತಂತಿಯೊಳಗೆ ಹೇಗೆ ಹೊಗುತ್ತದೆ ಎಂದು ನೇಮಣ್ಣ ಹೇಳುತ್ತ ಹೋದ. ಒಂಬತ್ತು ವರ್ಷದಲ್ಲಿ ಅವನ ಯಾವ ಪಾಠಕ್ಕೂ ಇಷ್ಟು ಅಗಲವಾಗಿ ಕಣ್ಣು ತೆರೆದವರಿರಲಿಲ್ಲ. ನಡುವೆ ಲೋಬೋ ಸರ್ ಹೆಂಡತಿ ಫಿಲೋಮಿನಾಬಾಯಿ ಎರಡು ಸಲ ಬಂದು, "ಸರ್, ನಿಮಗಂತ ತತ್ತಿ ಹಾಕದ ನೆವ್ರಿ ಬ್ಯಾರೆ ಮಾಡೀನಿ, ತಗೋರಿ" ಎಂದು ತಾಟು ಇಟ್ಟು ಹೋದರು. ಕರ್ಜಿಕಾಯಿಯ ಹಾಗೆಯೇ ಇದ್ದ ಅವುಗಳನ್ನು ನೋಡಿ ನೇಮಣ್ಣ "ಇಷ್ಟು ಜೋಡಿಸಿ ತಿಂತೀನ್ರಿ" ಎಂದ.

ಕೊನೆಯ ಸ್ಕ್ರೂ ಬಿಗಿದಾಗ ಆಗ್ನೆಲ್ ತಂತಿ ಎಳೆದುಕೊಂಡು ಪೇರಲಗಿಡದ ಹಿಂದೆ ಓಡಿದ. ಇನಾಸ್ ಅಡುಗೆಮನೆಯಲ್ಲಿ ನಿಂತ.

"ಹಲೋ! ಗಿಡದಿಂದ ಮಾತಾಡಾಕತ್ತೀನಿ!"

"ಹಲೋ! ಮಮ್ಮೀ, ಗಿಡ ಮಾತಾಡಾಕತ್ತೈತಿ!"

ನೇಮಣ್ಣ ಗೆದ್ದ ನಗೆಯಿಂದ ತಾಟಿಗೆ ಕೈ ಹಾಕಿ ತಲೆಯೆತ್ತಿದ. ಪೇರಲಗಿಡದ ಹಿಂದೆ ಸೂರ್ಯ ಮುಳುಗಿದ್ದ. ಕೈ ಹಿಂದೆ ಬಂತು. ಇವತ್ತು ತಣ್ಣನೆಯ ಡಬ್ಬಿಯೂ ಇಲ್ಲ. ಇರಲಿ, ಎಂದುಕೊಂಡ. ಜನವರಿಯಿಂದ ದಿನಾ ಬಿಸಿ ರೊಟ್ಟಿ.

ಲೋಬೋ ಸರ್ ಹೊರಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಕಣ್ಣು ತುಂಬಿದ್ದವು.

"ನೇಮಣ್ಣಾರ, ನಿಮ್ಮ ಮುಂದ ಮುಚ್ಚಿಡೂದಿಲ್ಲ. ನಿನ್ನೆ ರಾತ್ರಿನ ನಿಮ್ಮ ಹೆಸರ ಬರದು ಲಕೋಟಿ ಅಂಟಿಸಿದ್ದೆ. ಸರ್ವಿಸಿನಾಗ ನೀವ ಹಿರೀರು. ನೀವು ಬರ್ಲಿ ಬಿಡ್ಲಿ, ಅದು ನಿಮ್ಮದ ಇತ್ತು."

ನೇಮಣ್ಣನಿಗೆ ಆ "ಇತ್ತು" ಎಂಬುದು ಸರಿ ಕೇಳಿಸಲಿಲ್ಲ. "ಭಾಳ ಉಪಕಾರಾತ್ರಿ ಸರ್."

"ಉಪಕಾರ ನಾನು ಹೇಳಬೇಕ್ರಿ. ಈಗ ಹತ್ತು ಮಿನಿಟಿನ ಹಿಂದ ಆ ಪತ್ರ ಹರದೆ. ಇನಾಸ ಒಳಗ ಬಂದು ಕೇಳಿದ: 'ಪಪ್ಪಾ, ನೇಮಣ್ಣ ಸರ್ ಹೋದ್ರ, ಇದು ಮತ್ತ ಕೆಟ್ರ ಯಾರು ರಿಪೇರಿ ಮಾಡ್ತಾರ?' ಇಂಥ ಮಾಸ್ತರನ್ನ ನಾ ಹ್ಯಾಂಗ ಬಿಡ್ಲಿ? ನನ್ನ ಮಕ್ಕಳು ಬಿಡ್ರಿ, ಇಡೀ ಸಾಲಿ ಹುಡುಗೂರಿಗೆ ಅನ್ಯಾಯ."

"ಸರ್, ಹಂಗಾದ್ರ ಬೆಳಗಾವಿಗೆ..."

"ಬಸಯ್ಯನವ್ರು ಹೋಗ್ಲಿ. ಆಗ್ನೆಲ ಅದನ್ನೂ ಹೇಳ್ಯಾನ. 'ಬಸಯ್ಯ ಸರ್‌ನ ಕಳಸ್ರಿ ಪಪ್ಪಾ, ಆದ್ರ ಇವತ್ತ ಕಳಸ್ರಿ' ಅಂದ." ಲೋಬೋ ಸರ್ ಜೇಬಿನಿಂದ ಹೊಸ ಲಕೋಟೆ ತೆಗೆದರು. ಅಂಟು ಇನ್ನೂ ಹಸಿಯಿತ್ತು. "ನೀವು ಹೆಂಗೂ ಊರಿಗೆ ಹೊಂಟೀರಿ. ಇದನ್ನ ಸಂಸ್ಥೇದ ಆಫೀಸಿನಾಗ ಮುಟ್ಟಿಸಿಬಿಡ್ರಿ. ನಿಮ್ಮಷ್ಟು ನಂಬಿಗಸ್ತರು ಯಾರದಾರ?"

ಸ್ಟೇಶನ್ನಿನ ಸಿಮೆಂಟು ಬೆಂಚಿನ ಮೇಲೆ ಬಸಯ್ಯ ತಲೆಗೆ ಕೈಹೊತ್ತು ಕೂತಿದ್ದ.

"ನನ್ನ ಕತಿ ಮುಗೀತ್ರಿ ನೇಮಣ್ಣಾರ. ಎರಡು ತಾಸು ತಿಳಿಸಿ ಹೇಳಿದೆ. ಸಣ್ಣಾಂವ ಅತ್ತಬಿಟ್ಟ."

ನೇಮಣ್ಣ ಲಕೋಟೆಯ ವಿಷಯ ಹೇಳಿ ಮುಗಿಸುವಷ್ಟರಲ್ಲಿ ಬಸಯ್ಯ ಎದ್ದು ಅವನನ್ನು ತಬ್ಬಿಕೊಂಡಿದ್ದ. ಗಾಡಿ ಬಂದರೂ ಬಿಡಲಿಲ್ಲ.

"ಎಲ್ಲಾ ನಿಮ್ಮ ಸಲಹಾದ ಪುಣ್ಯಾರಿ! ನಾ ಏನ್ ಕೊಡ್ಲಿ ನಿಮಗ?" ಎನ್ನುತ್ತ ಚೀಲ ತಡಕಾಡಿ ಒಂದು ಪುಸ್ತಕ ತೆಗೆದ. "ನೋಡ್ರಿ, ನಮ್ಮ ಅಕ್ಕನ ಮಗಗ ಅಂತ ಮೂರನೇದ್ದು ತಗೊಂಡಿದ್ದೆ. ಇದು ನಿಮಗಿರ್ಲಿ."

ಬೇರೆ ದಿನವಾಗಿದ್ದರೆ ನೇಮಣ್ಣ ಬೇಡವೆನ್ನುತ್ತಿದ್ದ. ಇಂದು ಆ ಲಾಗರಿದಮ್ ಪುಸ್ತಕವನ್ನು ಎರಡೂ ಕೈಯಿಂದ ತೆಗೆದುಕೊಂಡ, ಧೂಳು ಒರೆಸಿದ, ಕರವಸ್ತ್ರದಲ್ಲಿ ಸುತ್ತಿ ಚೀಲದ ತಳಕ್ಕಿಟ್ಟ.

"ಯಾರಿಗೆ ಕೊಡಾವ್ರು?" ಎಂದ ಬಸಯ್ಯ.

"ಲೋಬೋ ಸರ್ ಮನಿಗಿ. ಮುಂದಿನ ನಾತಾಳಕ್ಕ ಬೇಕು."

ಗಾಡಿ ಹೊರಟಿತು. ಕಿಟಕಿಯ ಹೊರಗಿನ ಕತ್ತಲೆ ನೋಡುತ್ತ ನೇಮಣ್ಣ ಮನಸ್ಸಿನಲ್ಲೇ ದಿನಗಳನ್ನು ಎಣಿಸತೊಡಗಿದ. ಮುನ್ನೂರ ಅರವತ್ತೈದು. ಭಾನುವಾರಗಳನ್ನು ಕಳೆದ, ರಜೆಗಳನ್ನು ಕಳೆದ. ಲೆಕ್ಕ ಮುಗಿಯಿತು ಎನ್ನುವಾಗ ವಿಜ್ಞಾನದ ಮಾಸ್ತರನಿಗೆ ತಪ್ಪು ಹೊಳೆಯಿತು. ಬರುವುದು ಎಂಬತ್ನಾಲ್ಕು. ಫೆಬ್ರುವರಿಗೆ ಇಪ್ಪತ್ತೊಂಬತ್ತು ದಿನ.

ಮತ್ತೊಂದು ತಣ್ಣನೆಯ ಡಬ್ಬಿ ಜಾಸ್ತಿ. ಬೆರಳು ಮಡಚಿ ನೋಡಿದ: ಅದೂ ಭಾನುವಾರವಲ್ಲ, ಬುಧವಾರ.