ಒಳಗೆ ಕೂತು ಹೆಣೆದ ಬುಟ್ಟಿ

ಎಲ್ಲದಕ್ಕೂ ಕಾರಣ ಬಲೆಯತ್ತೆಯ ಒಂದು ಮಾತು. ಬೇಲಿಯಾಚೆ ಕೂತು ಹರಿದ ಬಲೆ ಹೊಲಿಯುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ಈ ಸಲನಾದ್ರೂ ಬಿಗಿಯಾಗಿ ಹೆಣಿಯಪ್ಪಾ ಸಡಿಲಪ್ಪ. ಹೋದ ಸಲ ನಿನ್ನ ಬುಟ್ಟೀಲಿದ್ದ ಮೀನು ದೋಣಿಗಿಂತ ಮೊದಲೇ ಮನೆ ಸೇರಿದ್ವಂತೆ."

ಸಡಿಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವನ ಬುಟ್ಟಿಗಳು ಸಂಪಾದಿಸಿಕೊಟ್ಟದ್ದು. ಆ ದ್ವೀಪದಲ್ಲಿ ಜೀವಂತ ಮೀನು ಇಡುವ ಬೆತ್ತದ ಬುಟ್ಟಿ ಹೆಣೆಯುತ್ತಿದ್ದುದು ಅವನದೊಂದೇ ಮನೆ. ಆಳೆತ್ತರದ ಬುಟ್ಟಿ. ದೋಣಿಯ ಪಕ್ಕಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟರೆ ಹಿಡಿದ ಮೀನು ದಡ ಮುಟ್ಟುವವರೆಗೆ ಅದರಲ್ಲಿ ಈಜಾಡಿಕೊಂಡಿರಬೇಕು. ಮೀನಿನ ಮೈ ತರಚಬಾರದು, ಒಳಮೈ ನುಣುಪಾಗಿರಬೇಕು. ಅದಕ್ಕೇ ಹೆಣೆಯುವವನು ಬುಟ್ಟಿಯೊಳಗೆ ಕೂತು ಹೆಣೆಯುತ್ತಾನೆ. ಭುಜದ ಮಟ್ಟಕ್ಕೆ ಬಂದಾಗ ಹೊರಗಿಳಿದು ಬಾಯಿ ಮುಗಿಸುತ್ತಾನೆ. ಬಾಯಿ ಆಲಿಕೆಯಂತೆ, ಬೆತ್ತದ ಮೊನೆಗಳೆಲ್ಲ ಒಳಮುಖ. ಹೋಗುವುದು ಸುಲಭ, ಬರುವುದು ಕಷ್ಟ, ತಂಗಿಯ ಮನೆಗೆ ಊಟಕ್ಕೆ ಹೋದ ಸೋದರಮಾವನ ಹಾಗೆ.

ಅಂದು ಸಡಿಲಪ್ಪನಿಗೆ ಕೊನೆಯ ಅವಕಾಶ. ಸಂಜೆ ಅವನಿಗೆ ಹೆಣಿಗೆ ಕಲಿಸಿದ ಅಜ್ಜಿ ಬುಟ್ಟಿ ಪರೀಕ್ಷಿಸುವವಳಿದ್ದಳು. ಗೆದ್ದರೆ ತಲೆತಲಾಂತರದಿಂದ ಬಂದ, ಬೆತ್ತ ಸೀಳುವ ಚಾಕು ಅವನಿಗೆ. ಸೋತರೆ ಹೆಣಿಗೆಮನೆಗೆ ಬೀಗ. ಆ ವಿದ್ಯೆ ಅಜ್ಜಿಯೊಂದಿಗೇ ಮುಗಿದಂತೆ. ಬೆಳಿಗ್ಗೆ ಬೆತ್ತವನ್ನು ತಾನೇ ಸೀಳಿಟ್ಟು, ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಜ್ಜಿ ಹೋಗಿದ್ದಳು.

ಬಲೆಯತ್ತೆಯ ಮಾತು ನಾಟಿತ್ತು. ಅವನು ಸುತ್ತು ಸುತ್ತಿಗೂ ಹಲ್ಲು ಕಚ್ಚಿ ಎಳೆದ. ಮಧ್ಯಾಹ್ನದ ಹೊತ್ತಿಗೆ ಕೈ ತಾನಾಗಿಯೇ ಓಡತೊಡಗಿತು. ಇಷ್ಟು ವರ್ಷ ಮಾತು ಕೇಳದ ಬೆತ್ತ ಅಂದು ಹೊಸ ಅಳಿಯನ ಹಾಗೆ ಹೇಳಿದತ್ತ ಬಾಗಿತು. ಊಟಕ್ಕೆ ಕರೆದದ್ದು ಕೇಳಿಸಲಿಲ್ಲ. ಭುಜ ದಾಟಿದ್ದು ತಿಳಿಯಲಿಲ್ಲ. ಕೊನೆಯ ಮೊನೆ ಬಿಗಿದು, ಬೆವರೊರೆಸಿ, ತೃಪ್ತಿಯಿಂದ ಎದ್ದ. ನೆತ್ತಿಗೆ ಮೊನೆ ಚುಚ್ಚಿತು.

"ರೀ, ಎಲ್ಲಿದ್ದೀರಿ?" ಹೆಂಡತಿ ಬಂದಳು.

"ಇಲ್ಲೇ."

"ಇಲ್ಲೇ ಅಂದ್ರೆ?"

"ಒಳಗೆ."

ಅವಳು ತುದಿಗಾಲಲ್ಲಿ ನಿಂತು ಇಣುಕಿದಳು. "ಬಾಯಿ ಮುಗಿಸ್ಬಿಟ್ರಾ? ಒಳಗೇ ಕೂತು?"

ಬುಟ್ಟಿ ಒಮ್ಮೆ ಕೆಮ್ಮಿತು.

ಬಲೆಯತ್ತೆ ಬಲೆ ಬಿಸಾಕಿ ಓಡಿಬಂದಳು. "ಎಣ್ಣೆ ಸುರಿಯೇ, ಜಾರ್ಕೊಂಡು ಬರ್ತಾನೆ!" ಸುರಿದದ್ದಾಯಿತು. ಅವನು ಜಾರಲಿಲ್ಲ, ಬಾಣಲೆಗೆ ಸಿದ್ಧವಾದ ಮೀನಿನ ಹಾಗೆ ಮಿಂಚಿದ.

ದೋಣಿ ಬಡಗಿ ಗರಗಸ ಹಿಡಿದು ಬಂದ. "ಒಂದೇ ನಿಮಿಷ ಅಣ್ಣಾ, ಉಸಿರು ಬಿಗಿ ಹಿಡ್ಕೋ."

"ಮುಟ್ಟಬೇಡ! ಒಂದೆಳೆ ಕೊಯ್ದ್ರೂ ಅಜ್ಜಿ ಒಪ್ಪಲ್ಲ."

"ಹಾಗಾದ್ರೆ ಉಪವಾಸ ಇರು. ತೆಳ್ಳಗಾದ್ಮೇಲೆ ನೀನೇ ಬರ್ತೀಯ."

ಕೊನೆಗೆ ಮೂವರೂ ಸೇರಿ ಬುಟ್ಟಿ ಮಗುಚಿ ಅಲ್ಲಾಡಿಸಿದರು. ಎಣ್ಣೆಗೆ ಕೈ ಜಾರಿತು. ಬುಟ್ಟಿ ಅಂಗಳದ ಇಳಿಜಾರಿನಲ್ಲಿ ಸಡಿಲಪ್ಪನ ಸಮೇತ ಉರುಳಿ, ತಾತನ ಕಾಲದ ಕೋಳಿಗೂಡಿಗೆ ಢೀ ಕೊಟ್ಟು ನಿಂತಿತು. ಕೋಳಿಗಳು ದಿಕ್ಕಾಪಾಲಾದವು. ತಾತ ಮಾಡಿದ್ದರಲ್ಲಿ ಸೊಟ್ಟಗಿದ್ದದ್ದು ಆ ಗೂಡಿನ ಬಾಗಿಲೊಂದೇ. ನಾಲ್ಕು ಕೋಳಿಗೆ ಅಷ್ಟು ದೊಡ್ಡ ಬೆತ್ತದ ಗೂಡೇಕೆಂದೂ ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ಅಜ್ಜಿ ಬಂದಳು. ಅವಳು ಬುಟ್ಟಿಯ ಸುತ್ತ ನಡೆದಳು, ಕೋಲಿನಿಂದ ತಟ್ಟಿದಳು, ಹೆಣಿಗೆಯೊಳಗೆ ಬೆರಳು ತೂರಿಸಲು ನೋಡಿದಳು. ತೂರಲಿಲ್ಲ.

"ಎಣ್ಣೆ ಸುರಿದ್ರಾ?"

"ಸುರಿದ್ವಿ ಅಜ್ಜಿ."

"ಮಗುಚಿದ್ರಾ?"

"ಉರುಳಿಸಿದ್ದೂ ಆಯ್ತು," ಎಂದ ಬಡಗಿ.

"ಆದ್ರೂ ಬರ್ಲಿಲ್ವಾ?"

"ಇಲ್ಲ."

"ಮತ್ತಿನ್ಯಾವ ಪರೀಕ್ಷೆ ಬೇಕು? ಇಷ್ಟು ದೊಡ್ಡ ಪ್ರಾಣೀಗೇ ತಪ್ಪಿಸ್ಕೊಳ್ಳೋಕೆ ಆಗಿಲ್ಲ, ಮೀನಿಗೆ ಆಗತ್ತಾ? ಗೆದ್ದೆ ಕಣೋ." ಸೊಂಟದ ಚಾಕು ತೆಗೆದು ಬುಟ್ಟಿಯ ಬಾಯೊಳಗೆ ಬಿಟ್ಟಳು. ಅದು ಸಲೀಸಾಗಿ ಇಳಿಯಿತು.

ಸಡಿಲಪ್ಪ ಚಾಕುವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕಣ್ಣು ಒದ್ದೆಯಾಯಿತು. "ಕಣ್ಣಿಗೆ ಎಣ್ಣೆ ಹೋಯ್ತು," ಎಂದ.

"ಅಜ್ಜೀ... ಈಗ ಹೊರಗೆ ಬರೋದು ಹೇಗೆ?"

"ಚಾಕು ಕೊಟ್ಟಿದೀನಲ್ಲ. ಕೊಯ್ಕೊಂಡು ಬಾ."

"ಅಯ್ಯೋ! ಗೆದ್ದ ಬುಟ್ಟಿ ಹಾಳಾಗತ್ತಲ್ಲ!"

"ಹಾಳಾಗಲ್ಲ." ಅಜ್ಜಿ ಕೋಲಿನಿಂದ ಕೋಳಿಗೂಡು ತೋರಿಸಿದಳು. "ನಿನ್ನ ತಾತನೂ ಗೆದ್ದ ದಿನ ಅದರೊಳಗಿಂದ್ಲೇ ಕೊಯ್ಕೊಂಡು ಬಂದ್ರು. ಹೊರಗೆ ಕೂತು ನಾನು ನಗ್ತಿದ್ದೆ, ಅವರ ಕೈ ನಡುಗಿ ಬಾಗಿಲು ಸೊಟ್ಟಗಾಯ್ತು. ಕೋಳಿ ತಂದದ್ದು ಆಮೇಲೆ."

ಸಡಿಲಪ್ಪ ಕೊಯ್ದು ಹೊರಬಂದ. ಅವನ ಬಾಗಿಲೂ ಸೊಟ್ಟಗೇ ಬಂತು. ಅವನು ನೆಟ್ಟಗೆ ನಿಲ್ಲುವ ಮೊದಲೇ ಕೋಳಿಯೊಂದು ಒಳಹೊಕ್ಕು ಕಾಲು ಮಡಚಿ ಕೂತಿತು.

"ಇನ್ನು ಇವನನ್ನ ಸಡಿಲಪ್ಪ ಅನ್ನೋ ಹಾಗಿಲ್ಲ," ಎಂದಳು ಬಲೆಯತ್ತೆ ಗಂಭೀರವಾಗಿ. ಅವನ ಎದೆ ಉಬ್ಬಿತು. "ಗೂಡಪ್ಪ ಅನ್ನೋಣ."

"ನಾಳೆ ಸಂಜೆ ದೋಣಿಯವನು ಬುಟ್ಟಿ ಒಯ್ಯೋಕೆ ಬರ್ತಾನೆ," ಎಂದು ಅಜ್ಜಿ ಹೊರಟಳು. "ಬೆತ್ತ ನೀನೇ ಸೀಳ್ಕೋ."

ಅವನು ಬೆತ್ತ ಸೀಳಿ, ತಳ ಹಾಕಿ, ನಡುವೆ ಕೂತ. ಹೆಂಡತಿ ಮಣೆ ತಂದು ಹೊರಗೆ ಕೂತಳು.

"ಭುಜದ ಹತ್ರ ಬಂದಾಗ ಕೂಗ್ತೀನಿ."

"ಮರೀಬೇಡ."

"ಮಧ್ಯೆ ನಗು ಬಂದ್ರೆ ಮಾತ್ರ ನಂಗೊತ್ತಿಲ್ಲಪ್ಪ," ಎಂದಳು. ಆಗಲೇ ಬಂದಿತ್ತು.